ಹಳೇ ಲ್ಯಾಪ್‌ಟಾಪಿಗೆ 1,300 ರೂಪಾಯಿಯ ರ್‍ಯಾಮಾ, 450 ರೂಪಾಯಿಯ ಪ್ರೊಸೆಸರಾ?

ಪ್ರೊಸೆಸರ್ ಅಂದರೆ ಲ್ಯಾಪ್‌ಟಾಪಿನ ಮಿದುಳು, ರ್‍ಯಾಮ್ ಅಂದರೆ ಕೆಲಸ ಮಾಡುವಾಗಿನ ತಾತ್ಕಾಲಿಕ ನೆನಪು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ರೊಸೆಸರಿಗೆ. ರ್‍ಯಾಮಿಗೆ ಕೊಟ್ಟ ದುಡ್ಡಿನಲ್ಲಿ ಕಾಲು ಭಾಗ ಎರಡು ತಿಂಗಳು ಕೆಲಸವಿಲ್ಲದೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಕೂತಿತ್ತು.

ಲ್ಯಾಪ್‌ಟಾಪ್ 2006ರದ್ದು. ಭಾವ ಬೆಂಗಳೂರಿನಲ್ಲಿದ್ದಾಗ ಕೊಂಡದ್ದು, ಆಮೇಲೆ ಬದಿಯಡ್ಕದ ನಮ್ಮ ಮನೆಯ ಅಟ್ಟ ಸೇರಿತು. ಅದರ ಕೀಬೋರ್ಡಿನಲ್ಲಿ ಒಮ್ಮೆ ಟೈಪ್ ಮಾಡಿದವರಿಗೆ ಈಗಿನವು ಹಪ್ಪಳದ ಹಾಗೆ ಅನಿಸುತ್ತವೆ. ಅದಕ್ಕೇ ಬಿಸಾಡಲು ಮನಸ್ಸು ಬರಲಿಲ್ಲ. ಒಳಗೆ ಇಂಟೆಲ್ ಕೋರ್ ಡ್ಯುವೋ ಟಿ2300 ಪ್ರೊಸೆಸರ್, 512 ಎಂಬಿಯ ಎರಡು ರ್‍ಯಾಮ್ ಸ್ಟಿಕ್. ನನ್ನ ಕೆಲಸವೂ ದೊಡ್ಡದಲ್ಲ. ಅಡಿಕೆ ಲೆಕ್ಕ, ತಾಳಮದ್ದಳೆಯ ಆಮಂತ್ರಣ ಪತ್ರ, ರಾತ್ರಿ ಒಂದಿಷ್ಟು ಯಕ್ಷಗಾನ ವಿಡಿಯೋ.

ಎಲ್ಲರೂ ಹೇಳುವ ಹಾಗೆ ಮೊದಲು ರ್‍ಯಾಮ್ ಹಾಕಿದೆ. ಕಾಸರಗೋಡಿನ ಒಂದು ಅಂಗಡಿಯಲ್ಲಿ 2 ಜಿಬಿಯ ಎರಡು ಹಳೆ ಡಿಡಿಆರ್2 ಸ್ಟಿಕ್ ಸಿಕ್ಕಿತು, 1,300 ರೂಪಾಯಿ. ಹಾಕುವುದು ಹತ್ತು ನಿಮಿಷದ ಕೆಲಸ. ಆನ್ ಮಾಡಿದರೆ 3 ಜಿಬಿ ಮಾತ್ರ ಕಾಣುತ್ತದೆ! ಸ್ಟಿಕ್ ಅದಲು ಬದಲು ಮಾಡಿದೆ. ಚಿನ್ನದ ಬಣ್ಣದ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿದೆ. ಒಂದೊಂದೇ ಹಾಕಿದರೆ ಎರಡೂ ಸರಿ, ಒಟ್ಟಿಗೆ ಹಾಕಿದರೆ ಮತ್ತೆ 3. ರಾತ್ರಿಯಿಡೀ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ.

"64 ಬಿಟ್ ಹಾಕಿ, ಬಾಕಿ 1 ಜಿಬಿ ಬರ್ತದೆ" ಅಂದರು ಅಂಗಡಿಯವರು. ಟಿ2300 ಬರೀ 32 ಬಿಟ್‌ನದ್ದು. 64 ಬಿಟ್ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ. ಹಾಗಾಗಿ ಪ್ರೊಸೆಸರ್ ಬದಲಿಸುವ ಯೋಚನೆ ಶುರುವಾಯಿತು. ಆ ಮಾತು ತಪ್ಪು ಎಂದು ಆಮೇಲೆ ಗೊತ್ತಾಯಿತು. ತೊಡಕು ಇರುವುದು ಪ್ರೊಸೆಸರನ್ನೂ ರ್‍ಯಾಮನ್ನೂ ಜೋಡಿಸುವ ಇಂಟೆಲ್ 945 ಚಿಪ್‌ಸೆಟ್‌ನಲ್ಲಿ. ಅದು ಲೆಕ್ಕ ಹಾಕಬಲ್ಲ ವಿಳಾಸಗಳೇ ಒಟ್ಟು 4 ಜಿಬಿಯಷ್ಟು. ಅದರಲ್ಲಿ ಒಂದು ಪಾಲನ್ನು ಗ್ರಾಫಿಕ್ಸ್, ವೈಫೈ ಮುಂತಾದವು ಹಿಡಿದಿಟ್ಟುಕೊಳ್ಳುತ್ತವೆ. 64 ಬಿಟ್ ಹಾಕಿದರೂ ಅದು ಬಿಟ್ಟುಕೊಡುವುದಿಲ್ಲ. 2 ಜಿಬಿ ಒಂದು, 1 ಜಿಬಿ ಒಂದು ಹಾಕಿದ್ದರೆ ಸಾಕಿತ್ತು.

ಪ್ರೊಸೆಸರಿನಲ್ಲೂ ಮೊದಲ ಸಲ ಮೋಸ ಹೋದೆ, ತಪ್ಪು ನನ್ನದೇ. ಟಿ7300 ತರಿಸಿದ್ದೆ, ಕೂರಲೇ ಇಲ್ಲ. ಅದಕ್ಕೆ ಬೇಕಾದದ್ದು ಸಾಕೆಟ್ ಪಿ (ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ), ನನ್ನದು ಸಾಕೆಟ್ ಎಂ. ಎರಡಕ್ಕೂ 478 ಪಿನ್, ಆದರೆ ಜೋಡಣೆ ಬೇರೆ. 64 ಬಿಟ್‌ನ ಕೋರ್ 2 ಡ್ಯುವೋ ಟಿ7200 ಆದರೆ ಕೂರುತ್ತದೆ. ಹಳೆಯದು 450 ರೂಪಾಯಿಗೆ ಸಿಕ್ಕಿತು.

ಫ್ಯಾನ್ ಬಿಚ್ಚಿ, ಸಾಕೆಟ್ಟಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಹೊಸದನ್ನು ಇಟ್ಟು, ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಆನ್ ಮಾಡಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಜೀವ ಬಾಯಿಗೆ ಬಂತು. ಹಳೆಯದನ್ನೇ ವಾಪಸ್ ಹಾಕಿದೆ, ಸುಮ್ನೆ ಆನ್ ಆಯಿತು. ಬಯೋಸ್ (ಆನ್ ಆಗುವಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ತೆರೆದು ತಾರೀಕು ನೋಡಿದೆ, ಮಾರ್ಚ್ 2006. ಲ್ಯಾಪ್‌ಟಾಪಿನ ಕೋರ್ 2 ಡ್ಯುವೋ ಬಂದದ್ದೇ ಆ ವರ್ಷದ ಜುಲೈಯಲ್ಲಿ. ಹುಟ್ಟದ ಮಗುವಿನ ಗುರುತು ಅದಕ್ಕೆ ಹೇಗೆ ಸಿಗಬೇಕು?

ಬಯೋಸ್ ಅಪ್‌ಡೇಟ್ ಮಾಡೋಣ ಅಂದರೆ ಬ್ಯಾಟರಿ ಚಾರ್ಜ್ ಇಲ್ಲದೆ ಆಗುವುದಿಲ್ಲ ಎಂದು ಹಟ ಹಿಡಿಯಿತು. ಚಾರ್ಜರ್ ಸಿಕ್ಕಿಸಿದ್ದರೂ ಕೇಳಲಿಲ್ಲ. ನನ್ನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿದೆ. ಹೊಸದಕ್ಕೆ ಲ್ಯಾಪ್‌ಟಾಪಿಗಿಂತ ಜಾಸ್ತಿ ಬೆಲೆ. ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಪೆರ್ಲದ ಮಾಷ್ಟ್ರ ಹತ್ತಿರ ಇದೇ ಮಾಡೆಲ್ ಇರುವುದು ನೆನಪಾಯಿತು. ರಿಟೈರ್ ಆದವರು, ಲ್ಯಾಪ್‌ಟಾಪಿಗೆ ಬಟ್ಟೆಯ ಹೊದಿಕೆ ಹೊಲಿಸಿ ಇಟ್ಟಿದ್ದಾರೆ. ಅದರ ಬ್ಯಾಟರಿ ಕೇಳಿದೆ. "ಕೊಂಡು ಹೋಗಿ ಮಾರಾಯ್ರೆ, ಆದ್ರೆ ಸಂಜೆಯೊಳಗೆ ವಾಪಸ್ ಬೇಕು, ನಂಗೆ ಸೀರಿಯಲ್ ನೋಡ್ಲಿಕ್ಕುಂಟು" ಅಂದರು.

ಅಪ್‌ಡೇಟ್ ಮೂರೇ ನಿಮಿಷ. ಮುಗಿದು ಕಾಲು ಗಂಟೆಗೆ ಮಳೆ ಹೊಯ್ಯಿತು, ಕರೆಂಟ್ ಹೋಯಿತು. ಬ್ಯಾಟರಿ ಯಾಕೆ ಕೇಳಿತು ಎಂದು ಆಗ ಅರ್ಥವಾಯಿತು.

ಟಿ7200 ಕೂತ ಮೇಲೆ ವ್ಯತ್ಯಾಸ ದೊಡ್ಡದು. ವೇಗ 1.66ರಿಂದ 2 ಗಿಗಾಹರ್ಟ್ಸಿಗೆ ಏರಿತು, ಅದು ಅಷ್ಟೇನೂ ತಿಳಿಯುವುದಿಲ್ಲ. 64 ಬಿಟ್ ಲಿನಕ್ಸ್ (ವಿಂಡೋಸ್ ಹಾಗೆ ಆಪರೇಟಿಂಗ್ ಸಿಸ್ಟಂ) ಬಂತಲ್ಲ, ಲಾಭ ಅಲ್ಲಿ. 32 ಬಿಟ್ ಲಿನಕ್ಸಿಗೆ ಕ್ರೋಮ್ 2016ರಲ್ಲೇ ನಿಂತಿತ್ತು, ಫೈರ್‌ಫಾಕ್ಸ್ 2025ರಲ್ಲಿ ಕೈಬಿಟ್ಟಿತು. ಹಳೆ ಬ್ರೌಸರಿನಲ್ಲಿ ಬ್ಯಾಂಕಿನ ಪುಟ ತೆರೆಯದಿದ್ದರೆ 4 ಜಿಬಿ ಇಟ್ಟುಕೊಂಡು ಎಂತ ಮಾಡುವುದು? ಬಿಸಿ ಜಾಸ್ತಿಯಾಗಲಿಲ್ಲ, ಹೊಸ ಪೇಸ್ಟಿನಿಂದ ಸ್ವಲ್ಪ ಕಡಿಮೆಯೇ ಆಯಿತು.

ನಿಮ್ಮದರಲ್ಲಿ ಆಗಲೇ ಕೋರ್ 2 ಡ್ಯುವೋ ಇದ್ದರೆ ಪ್ರೊಸೆಸರ್ ಮುಟ್ಟಬೇಡಿ, ರ್‍ಯಾಮ್ ಹಾಕಿ. ಫ್ಯಾನ್ ಬಿಚ್ಚಲು ಕೈ ನಡುಗುವವರಿಗೂ ಅದೇ.

ಬ್ಯಾಟರಿ ವಾಪಸ್ ಕೊಡಲು ಹೋದಾಗ ಮಾಷ್ಟ್ರ ಲ್ಯಾಪ್‌ಟಾಪಿನಲ್ಲಿ 1 ಜಿಬಿಯ ಎರಡು ಸ್ಟಿಕ್ ಇರುವುದು ನೋಡಿದೆ. ನನ್ನ 2 ಜಿಬಿಯ ಒಂದನ್ನು ಅವರಿಗೆ ಹಾಕಿ, ಅವರ 1 ಜಿಬಿ ನಾನು ತಂದೆ. ಈಗ ಇಬ್ಬರದ್ದೂ 3.