ಸ್ಯಾಟರ್ನ್‌ನಲ್ಲಿ ಜಪಾನಿನ ಗೇಮ್: ಕಾರ್ಟ್ರಿಡ್ಜೋ, ಸ್ವಿಚ್ಚೋ, ಚಿಪ್ಪೋ, ಇನ್ನೊಂದು ಯಂತ್ರವೋ?

ಯುರೋಪಿನ ಪಾಲ್ ಟಿವಿ ಪದ್ಧತಿಗೆಂದು ಮಾಡಿದ, 1990ರ ದಶಕದ ಗೇಮ್ ಯಂತ್ರ ಸೆಗಾ ಸ್ಯಾಟರ್ನ್‌ಗೆ ಜಪಾನಿನ ಡಿಸ್ಕ್ ಹಾಕಿದರೆ, ಈ ಡಿಸ್ಕ್ ಈ ಯಂತ್ರಕ್ಕೆ ಹೊಂದುವುದಿಲ್ಲ ಎಂಬ ಒಂದು ಸಾಲು ತೆರೆಯ ಮೇಲೆ ಬಂದು ಅಲ್ಲಿಗೇ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿಲ್ಲ, ಲೆನ್ಸ್ ಕೂಡ ಕೆಟ್ಟಿಲ್ಲ. ಆ ಸಾಲನ್ನು ದಾಟಲು ನಾಲ್ಕು ದಾರಿಗಳು ಬಳಕೆಯಲ್ಲಿವೆ. ನಾಲ್ಕನ್ನೂ ಅವೇ ಡಿಸ್ಕ್‌ಗಳು, ಅದೇ ಟಿವಿ ಇಟ್ಟುಕೊಂಡು ಪರೀಕ್ಷಿಸಿ ಹೋಲಿಸಿದ್ದು ಇಲ್ಲಿದೆ.

ಇಷ್ಟೆಲ್ಲ ಕಷ್ಟ ಯಾಕೆಂದರೆ, ಸ್ಯಾಟರ್ನ್‌ನ ಒಳ್ಳೆಯ ಗೇಮ್‌ಗಳಲ್ಲಿ ದೊಡ್ಡ ಪಾಲು ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. 1997ರ 'ಗ್ರಾಂಡಿಯಾ' ಮತ್ತು 'ಎಕ್ಸ್‌-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್', 1998ರ 'ವ್ಯಾಂಪೈರ್ ಸೇವಿಯರ್' ಮತ್ತು 'ರೇಡಿಯಂಟ್ ಸಿಲ್ವರ್‌ಗನ್', 'ಶೈನಿಂಗ್ ಫೋರ್ಸ್ 3'ರ ಎರಡನೇ, ಮೂರನೇ ಭಾಗ, ಇವೆಲ್ಲ ಸ್ಯಾಟರ್ನ್‌ನಲ್ಲಿ ಜಪಾನಿಗೆ ಮಾತ್ರ.

ದಾರಿ ಆರಿಸುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಇಲ್ಲಿರುವುದು ಒಂದು ಬೀಗವಲ್ಲ, ಮೂರು. ಮೊದಲನೆಯದು ಪ್ರದೇಶದ ಗುರುತು. ಡಿಸ್ಕ್‌ನ ಆರಂಭದಲ್ಲೇ ಜಪಾನಿಗೆ ಜೆ, ಅಮೆರಿಕಕ್ಕೆ ಯು, ಯುರೋಪಿಗೆ ಇ ಎಂಬ ಅಕ್ಷರ ಬರೆದಿರುತ್ತದೆ. ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಓಡುವ ಯಂತ್ರದೊಳಗಿನ ತಂತ್ರಾಂಶ, ಅದನ್ನು ಯಂತ್ರದ ಗುರುತಿನೊಂದಿಗೆ ತಾಳೆ ನೋಡುತ್ತದೆ. ಎರಡನೆಯದು ತೆರೆಯ ವೇಗ. ಪಾಲ್ ಯಂತ್ರ ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುತ್ತದೆ, ಜಪಾನಿನ ಗೇಮ್ ಬರೆದಿರುವುದು 60ಕ್ಕೆ. ಮೂರನೆಯದು ಕರೆಂಟು: ಜಪಾನಿನ ಯಂತ್ರಕ್ಕೆ 100 ವೋಲ್ಟ್, ನಮ್ಮ ಗೋಡೆಯಲ್ಲಿರುವುದು 230. ಯಾವ ದಾರಿ ಹಿಡಿದರೂ ಈ ಮೂರರಲ್ಲಿ ಒಂದೋ ಎರಡೋ ಮಾತ್ರ ಬಿಚ್ಚುತ್ತದೆ. "ಗೇಮ್ ಓಡ್ತಿದೆ, ಆದರೆ ಏನೋ ಸರಿಯಿಲ್ಲ" ಎನ್ನುವವರ ಗೋಳೆಲ್ಲ ಇಲ್ಲಿಂದಲೇ ಹುಟ್ಟುವುದು.

ಇನ್ನು ಹಳೆಯ ಡಿಸ್ಕ್ ಬದಲಿಸುವ ಉಪಾಯ, ಅಂದರೆ ಸ್ಥಳೀಯ ಡಿಸ್ಕ್ ಹಾಕಿ, ಅದು ತಿರುಗುತ್ತಿರುವಾಗಲೇ ತೆಗೆದು ಇನ್ನೊಂದನ್ನು ಕೂರಿಸುವುದು. ಅದು ಡಿಸ್ಕ್‌ನ ಅಂಚಿನ ಅಸಲಿ ಗುರುತಿನ ತಪಾಸಣೆಯನ್ನು ವಂಚಿಸುತ್ತದೆ, ಅಷ್ಟೇ. ಪ್ರದೇಶದ ತಪಾಸಣೆ ಅದಾದ ಮೇಲೆ ಬೇರೆಯಾಗಿ ನಡೆಯುತ್ತದೆ. ಅಸಲಿ ಜಪಾನಿ ಡಿಸ್ಕ್ ಇರುವವರಿಗೆ ಇದರಿಂದ ಬಿಡಿಗಾಸಿನ ಪ್ರಯೋಜನವಿಲ್ಲ, ಮೋಟಾರು ಸವೆಯುವುದೊಂದೇ ಲಾಭ.

ಕಾರ್ಟ್ರಿಡ್ಜ್

ಹೆಚ್ಚಿನವರು ಮೊದಲು ಕೊಳ್ಳುವುದು ಆಕ್ಷನ್ ರಿಪ್ಲೇ 4ಎಂ ಪ್ಲಸ್. ಯಂತ್ರ ಬಿಚ್ಚಬೇಕಿಲ್ಲ, ಬೆಸುಗೆ ಬೇಕಿಲ್ಲ. ಪವರ್ ಆಫ್ ಇರುವಾಗ ಹಿಂದಿನ ಸ್ಲಾಟಿಗೆ ಸಿಕ್ಕಿಸಿ, ಡಿಸ್ಕ್ ಹಾಕಿ, ಆನ್ ಮಾಡಿ. ಬರುವುದು ಸ್ಯಾಟರ್ನ್‌ನ ಪರದೆಯಲ್ಲ, ಕಾರ್ಟ್ರಿಡ್ಜಿನದೇ ಮೆನು. ಅದರಲ್ಲಿರುವ ಗೇಮ್ ಶುರುಮಾಡುವ ಸಾಲನ್ನೇ ಒತ್ತಬೇಕು. ಅಲ್ಲಿಂದ ಹೊರಬಂದು ಸ್ಯಾಟರ್ನ್‌ನ ಸಿಡಿ ಪರದೆಯಿಂದ ಶುರುಮಾಡಲು ಹೋದರೆ ಮತ್ತೆ ಹಳೆಯ ನಿರಾಕರಣೆಯೇ.

ಇದರ ದೊಡ್ಡ ಬಲ ಪ್ರದೇಶದ ಬೀಗ ತೆಗೆಯುವುದಲ್ಲ, ಜೊತೆಗೆ ಬರುವ ಮೆಮೊರಿ. 'ಎಕ್ಸ್‌-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್', 'ವ್ಯಾಂಪೈರ್ ಸೇವಿಯರ್'ನಂಥ ಗೇಮ್‌ಗಳು 4 ಎಂಬಿ ಹೆಚ್ಚುವರಿ ರ್‍ಯಾಮ್ ನಂಬಿಕೊಂಡಿವೆ, 'ಕಿಂಗ್ ಆಫ್ ಫೈಟರ್ಸ್ 96'ನಂಥವಕ್ಕೆ 1 ಎಂಬಿ ಬೇಕು. ಯಂತ್ರದಲ್ಲಿ ಇರುವುದು ಒಂದೇ ಸ್ಲಾಟು. ಬೇರೆ ದಾರಿಗಳಲ್ಲಿ ಹೋದವರು ರ್‍ಯಾಮ್ ಕಾರ್ಟ್ರಿಡ್ಜನ್ನು ಬೇರೆ ಕೊಳ್ಳಬೇಕು, ಇಲ್ಲಿ ಎರಡೂ ಒಂದರಲ್ಲೇ. ಆದರೆ 'ಕಿಂಗ್ ಆಫ್ ಫೈಟರ್ಸ್ 95' ಮಾತ್ರ ಇದರಲ್ಲಿ ಓಡುವುದಿಲ್ಲ. ಅದಕ್ಕೆ ಬೇಕಾದದ್ದು ಖಾಲಿ ರ್‍ಯಾಮ್ ಅಲ್ಲ, ಆ ಗೇಮಿನ ದತ್ತಾಂಶವನ್ನೇ ಬರೆದಿಟ್ಟ ತನ್ನದೇ ರೋಮ್ (ಓದಲು ಮಾತ್ರ ಬರುವ ಮೆಮೊರಿ) ಕಾರ್ಟ್ರಿಡ್ಜ್. ಸ್ಲಾಟಿನಲ್ಲಿ ಅದು ಕೂತರೆ ಆಕ್ಷನ್ ರಿಪ್ಲೇಗೆ ಜಾಗವೆಲ್ಲಿ? ಒಂದೇ ಗೇಮಿನ ಸಲುವಾಗಿ ಕಾರ್ಟ್ರಿಡ್ಜ್ ದಾರಿಯನ್ನೇ ಬಿಟ್ಟವರೂ ಇದ್ದಾರೆ. ಆ ಗೇಮ್ ಪ್ರಾಣವಾಗಿದ್ದರೆ ಅವರದು ತಪ್ಪೇನಲ್ಲ.

ಇದರ ದೌರ್ಬಲ್ಯ ಸಂಪರ್ಕ. ಸ್ಯಾಟರ್ನ್‌ನ ಕಾರ್ಟ್ರಿಡ್ಜ್ ಸ್ಲಾಟು ಹೊಸದರಲ್ಲೇ ಸೂಕ್ಷ್ಮ, ಈಗಂತೂ ಎಲ್ಲ ಯಂತ್ರಗಳೂ ಮುದುಕರೇ. ಮೆನು ಬರದೆ ನೇರ ಸ್ಯಾಟರ್ನ್ ಪರದೆ ಬಂದರೆ, ಅಥವಾ ಆಟದ ನಡುವೆ ಚಿತ್ರ ಹೆಪ್ಪುಗಟ್ಟಿದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕಾರ್ಟ್ರಿಡ್ಜಿನ ಚಿನ್ನದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಗಲೂ ಹಟ ಹಿಡಿದರೆ ತಳದವರೆಗೆ ಒತ್ತಿದ ಮೇಲೆ ಒಂದು ಮಿಲಿಮೀಟರ್‌ನಷ್ಟು ಮೇಲಕ್ಕೆಳೆದು ನೋಡಿ. ನಗು ಬರಿಸುವ ಚಿಕಿತ್ಸೆ, ಆದರೆ ಹತ್ತರಲ್ಲಿ ಏಳೆಂಟು ಸಲ ಫಲಿಸುತ್ತದೆ.

ಸೇವ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಆಕ್ಷನ್ ರಿಪ್ಲೇಯಲ್ಲಿ ಸೇವ್ ಇಡುವ ಜಾಗವಿದೆ, ನಿಜ. ಆದರೆ ಗೇಮ್ ಅಲ್ಲಿಗೆ ನೇರ ಬರೆಯಲಾರದು. ಮೊದಲು ಯಂತ್ರದೊಳಗಿನ 32 ಕೆಬಿ ಮೆಮೊರಿಗೆ ಹೋಗಬೇಕು, ಆಮೇಲೆ ಮೆನುವಿನಿಂದ ನಾವೇ ನಕಲು ಮಾಡಬೇಕು. ಪಾತ್ರ ವಹಿಸಿ ಆಡುವ ಉದ್ದನೆಯ ಜಪಾನಿ ಕಥಾ ಗೇಮ್‌ಗಳು, ಅಂದರೆ ಆರ್‌ಪಿಜಿಗಳು ಎರಡು ಮೂರು ಸೇರಿದರೆ ಆ 32 ಕೆಬಿ ತುಂಬಿಹೋಗುತ್ತದೆ. ಜೊತೆಗೆ ಈ ಮೆಮೊರಿಯನ್ನು ಕಾಯುವುದು ಹಿಂಬದಿಯ ಮುಚ್ಚಳದೊಳಗಿರುವ ಒಂದು ಸಿಆರ್2032 ಬ್ಯಾಟರಿ. ಆನ್ ಮಾಡಿದಾಗಲೆಲ್ಲ ಭಾಷೆ, ದಿನಾಂಕ ಕೇಳುತ್ತಿದ್ದರೆ ಬ್ಯಾಟರಿ ಸತ್ತಿದೆ ಎಂದರ್ಥ. ಸೇವ್‌ಗಳೂ ಅದರ ಜೊತೆಗೇ ಹೋಗಿವೆ. ಸಾಯುವ ಮೊದಲೇ, ಯಂತ್ರ ಆನ್ ಇರುವಾಗಲೇ ಬ್ಯಾಟರಿ ಬದಲಿಸಿದರೆ ಸೇವ್ ಉಳಿಯುತ್ತದೆ.

ಸೂಡೋ ಸ್ಯಾಟರ್ನ್ ಕೈ ಎಂಬ ಹೊಸ ತಂತ್ರಾಂಶವನ್ನು ಬರೆದ ಇಂಥದೇ ಕಾರ್ಟ್ರಿಡ್ಜ್‌ಗಳೂ ಸಿಗುತ್ತವೆ. ಸೇವ್ ನಿರ್ವಹಣೆ ಅದರಲ್ಲಿ ಎಷ್ಟೋ ಸಲೀಸು. ಕೊಳ್ಳುವುದಾದರೆ ಬರೆದು ಸಿದ್ಧವಾಗಿರುವುದನ್ನೇ ಕೊಳ್ಳಿ. ಮನೆಯಲ್ಲಿ ಬರೆಯುವಾಗ ನಡುವೆ ಕರೆಂಟು ಹೋದರೆ ಕಾರ್ಟ್ರಿಡ್ಜ್ ಸತ್ತಂತೆಯೇ, ಅಗ್ಗದ ನಕಲಿಗಳಲ್ಲಿ ಒಳಗಿನ ಚಿಪ್ ಬೇರೆಯಿದ್ದರೆ ಬರವಣಿಗೆ ಕೂರುವುದೇ ಇಲ್ಲ.

ಆದರೆ ಇಷ್ಟೆಲ್ಲ ಆದಮೇಲೂ ಪಾಲ್ ಯಂತ್ರ 50ರಲ್ಲೇ ಇರುತ್ತದೆ. ಗೇಮ್ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ, ತೆರೆಯ ಮೇಲೂ ಕೆಳಗೂ ಕಪ್ಪು ಪಟ್ಟಿ. 'ಗ್ರಾಂಡಿಯಾ'ದಲ್ಲಿ ಸಹಿಸಬಹುದು. ಫೈಟಿಂಗ್ ಗೇಮಿನಲ್ಲಿ ಕೈಯ ಲೆಕ್ಕವೇ ತಪ್ಪುತ್ತದೆ.

ಜಂಪರ್ ಮತ್ತು ಸ್ವಿಚ್

ಯಂತ್ರ ತನ್ನನ್ನು ಯಾವ ದೇಶದ್ದು ಎಂದುಕೊಳ್ಳುತ್ತದೆ ಎಂಬುದು ಬೋರ್ಡಿನ ಮೇಲೆ ಬೆಸುಗೆಯಿಂದ ಕೂಡಿಸುವ, ಬಿಡಿಸುವ ಸಣ್ಣ ಸೇತುವೆಗಳಾದ ನಾಲ್ಕು ಜೋಡಿ ಜಂಪರ್‌ಗಳಲ್ಲಿದೆ, ಜೆಪಿ6ರಿಂದ ಜೆಪಿ13ರವರೆಗೆ. ನಾಲ್ಕು ಜೋಡಿ ಎಂದರೆ ನಾಲ್ಕು ಬಿಟ್. ಜಪಾನ್ 0001, ಅಮೆರಿಕ 0100, ಯುರೋಪ್ 1100. ಈ ಮೂರು ಸಂಖ್ಯೆ ತಿಳಿದರೆ ಕೆಲಸ ಎಷ್ಟೆಂದು ತಾನಾಗಿ ಗೊತ್ತಾಗುತ್ತದೆ: ಯುರೋಪಿನಿಂದ ಅಮೆರಿಕಕ್ಕೆ ಒಂದೇ ಬಿಟ್ ಬದಲು, ಅಮೆರಿಕದಿಂದ ಜಪಾನಿಗೆ ಎರಡು, ಯುರೋಪಿನಿಂದ ಜಪಾನಿಗೆ ಮೂರು. ಹಾಗಾಗಿ ಯುರೋಪ್–ಜಪಾನ್ ನಡುವೆ ಓಡಾಡಲು ಮೂರು ಪೋಲಿನ ಸ್ವಿಚ್, ಅಂದರೆ ಒಂದೇ ಸಲಕ್ಕೆ ಮೂರು ಸಂಪರ್ಕ ಬದಲಿಸುವಂಥದ್ದು, ಬೇಕು. ಮೂರೂ ದೇಶ ಬೇಕೆಂದರೆ 4 ಪೋಲ್, 3 ಸ್ಥಾನದ ರೋಟರಿ ಸ್ವಿಚ್, ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುವ ಮಾಲೇ.

ಪ್ರತಿ ಜೋಡಿಯಲ್ಲಿ ಒಂದು ಜಂಪರ್ 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ಎರಡನ್ನೂ ಕೂಡಿಸಿದರೆ ನೇರ ಶಾರ್ಟ್. ಇಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲು ಇದೇ: ಹೊಸದನ್ನು ಬೆಸೆಯುವ ಉತ್ಸಾಹದಲ್ಲಿ ಹಳೆಯದನ್ನು ಬಿಡಿಸಲು ಮರೆಯುವುದು. ಕ್ರಮ ಹೀಗಿರಲಿ. ಮೊದಲು ಇರುವ ಜಂಪರ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಬದಲಾಗುವ ಜೋಡಿಗಳ ಕೂಡಿಕೆಯನ್ನೆಲ್ಲ ಬಿಡಿಸಿ. ಮೀಟರಿನಲ್ಲಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಬೀಪ್ ಬರುವುದಿಲ್ಲ ಎಂದು ಖಾತ್ರಿಮಾಡಿ. ಆಮೇಲೆ ಸ್ವಿಚ್ಚಿನ ನಡುಗಾಲು ಚಿಪ್ಪಿನ ಕಡೆಗೆ, ಒಂದು ಬದಿ 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ತೆಳು ತಂತಿ, ಹತ್ತು ಹದಿನೈದು ಸೆಂಟಿಮೀಟರ್ ಮೀರದಂತೆ. ಬೋರ್ಡಿನ ಆವೃತ್ತಿಯಿಂದ ಆವೃತ್ತಿಗೆ ಜಂಪರ್‌ಗಳ ಜಾಗ ಬದಲಾಗುವುದರಿಂದ ಅಚ್ಚಾಗಿರುವ ಹೆಸರನ್ನೇ ನಂಬಿ, ಯಾರದೋ ಯಂತ್ರದ ಚಿತ್ರವನ್ನಲ್ಲ.

ಹೇಗೂ ಯಂತ್ರ ಬಿಚ್ಚಿದ್ದೀರಿ, 50/60ರ ಸ್ವಿಚ್ಚನ್ನೂ ಆಗಲೇ ಹಾಕಿಬಿಡಿ. ಹಲವು ಬೋರ್ಡುಗಳಲ್ಲಿ ಅದು ಜೆಪಿ1, ಜೆಪಿ2ರ ಜೋಡಿ. ಅದನ್ನು ಪ್ರದೇಶದ ಸ್ವಿಚ್ಚಿಗೇ ಕಟ್ಟಿಹಾಕಬೇಡಿ, ಬೇರೆಯೇ ಇರಲಿ. ಯುರೋಪಿನ ಎಷ್ಟೋ ಗೇಮ್‌ಗಳೂ 60ರಲ್ಲೇ ಚೆನ್ನಾಗಿ ಓಡುತ್ತವೆ. ಎರಡನ್ನೂ ಯಂತ್ರ ಆಫ್ ಇರುವಾಗಲೇ ತಿರುಗಿಸಿ. 60ಕ್ಕೆ ಹಾಕಿದ ಪಾಲ್ ಯಂತ್ರವನ್ನು ಸಾದಾ ಹಳದಿ ತಂತಿಯ ವಿಡಿಯೊದಲ್ಲಿ ಜೋಡಿಸಿದರೆ ಕೆಲವು ಟಿವಿಗಳಲ್ಲಿ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತದೆ. ಆರ್‌ಜಿಬಿ ಕೇಬಲ್ಲಿನಲ್ಲಿ ಮೂರು ಬಣ್ಣಗಳೂ ಬೇರೆಬೇರೆ ತಂತಿಯಲ್ಲಿ ಹೋಗುವುದರಿಂದ ಆ ತಾಪತ್ರಯವಿಲ್ಲ. ಇನ್ನು ಪಾಲ್ ಯಂತ್ರದ ಮೂಲ ಗಡಿಯಾರವೇ ಜಪಾನಿನದಕ್ಕಿಂತ ಶೇಕಡ 0.7ರಷ್ಟು ನಿಧಾನ (26.69 ಮೆಗಾಹರ್ಟ್ಸ್, ಅಲ್ಲಿ 26.87). 60ಕ್ಕೆ ಹಾಕಿದರೂ ಆ ಕೂದಲೆಳೆ ಉಳಿಯುತ್ತದೆ. ದಾಖಲೆಯ ಓಟ ಆಡುವವರನ್ನು ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಯೋಸ್ ಚಿಪ್

ಪ್ರದೇಶದ ತಪಾಸಣೆಯನ್ನೇ ಕಿತ್ತುಹಾಕಿದ ಬಯೋಸ್ ಬರೆದ ಚಿಪ್ಪನ್ನು ಮೂಲದ ಜಾಗದಲ್ಲಿ ಕೂರಿಸುವುದು ಮೂರನೆಯ ದಾರಿ. ಸ್ವಿಚ್ ಇಲ್ಲ, ಮೆನು ಇಲ್ಲ, ಹೊರಗಿನ ಕವಚಕ್ಕೆ ತೂತೂ ಇಲ್ಲ. ಯಾವ ದೇಶದ ಡಿಸ್ಕ್ ಹಾಕಿದರೂ ನೇರ ಓಡುತ್ತದೆ, ಸ್ಲಾಟು ಖಾಲಿ. ಅಂದರೆ 'ಕಿಂಗ್ ಆಫ್ ಫೈಟರ್ಸ್ 95' ಕೂಡ ತನ್ನ ಕಾರ್ಟ್ರಿಡ್ಜ್ ಜೊತೆ ಸಲೀಸು. ಬಳಕೆಯಲ್ಲಿ ನಾಲ್ಕರಲ್ಲೂ ಅತ್ಯಂತ ಅಚ್ಚುಕಟ್ಟು ಇದೇ.

ಹಾಕುವುದು ಮಾತ್ರ ಅತ್ಯಂತ ಅಪಾಯಕಾರಿ. ಮೂಲ ಚಿಪ್ಪನ್ನು ಬಿಡಿಸುವಾಗ ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತುಬಂದರೆ ಮೂವತ್ತು ವರ್ಷದ ಬೋರ್ಡನ್ನು ತಂತಿಯಿಂದ ಹೊಲಿಯಬೇಕಾಗುತ್ತದೆ. ಒಂದೊಂದೇ ಕಾಲಿಗೆ ಐರನ್ ಹಿಡಿದು ಎಬ್ಬಿಸಲು ಹೋಗಬೇಡಿ. ಬೇಗ ಕರಗುವ ಬೆಸುಗೆಯನ್ನು ಎರಡೂ ಸಾಲಿಗೆ ಹರಿಸಿ, ಎಲ್ಲ ಕಾಲುಗಳೂ ಒಟ್ಟಿಗೆ ಸಡಿಲವಾದ ಮೇಲೆ ಎತ್ತಿ. ಎರಡು ಸಾಲು ಉದ್ದ ಕಾಲಿನ ಚಿಪ್ ಇರುವ ಬೋರ್ಡುಗಳಿಗೆ 27ಸಿ400 ಎಂಬ ಬರೆಯಬಹುದಾದ ಚಿಪ್ ಹೊಂದುತ್ತದೆ, ಮೇಲ್ಮೈಗೆ ಅಂಟಿದ ಚಿಪ್ಪಿನ ಬೋರ್ಡುಗಳಿಗೆ ಬೇರೆ ಚಿಪ್ ಬೇಕು. ಬಿಚ್ಚಿ ನೋಡದೆ ಆರ್ಡರ್ ಮಾಡಬೇಡಿ. ಎಲ್ಲ ಸರಿಯಾಗಿ ಬೆಸೆದರೂ ತೆರೆ ಕಪ್ಪಾಗೇ ಇದ್ದರೆ ಬೆಸುಗೆಯನ್ನು ಬಯ್ಯುವ ಮೊದಲು ಫೈಲನ್ನು ನೋಡಿ: ಇದು 16 ಬಿಟ್ ಅಗಲದ ಚಿಪ್, ಚಿಪ್ಪಿಗೆ ಬರೆಯುವ ಉಪಕರಣವಾದ ಪ್ರೋಗ್ರಾಮರ್ ಬೈಟ್‌ಗಳನ್ನು ಅದಲುಬದಲು ಬರೆದಿದ್ದರೆ ಹೀಗಾಗುತ್ತದೆ. ಒಂದೊಂದು ಜೋಡಿಯನ್ನೂ ತಿರುಗಿಸಿ ಮತ್ತೆ ಬರೆಯಬೇಕು. ಚಿಪ್ಪಿಗೆ ಸಾಕೆಟ್ ಹಾಕಿದ್ದರೆ ಐದು ನಿಮಿಷದ ಕೆಲಸ, ಹಾಕಿಲ್ಲದಿದ್ದರೆ ಇಡೀ ಭಾನುವಾರ.

ಇದೂ 50ರ ಬೀಗವನ್ನು ಮುಟ್ಟುವುದಿಲ್ಲ. ಯಂತ್ರ ತನ್ನನ್ನು ಯುರೋಪಿನದೇ ಎಂದುಕೊಂಡಿರುತ್ತದೆ, ತಪಾಸಣೆ ಮಾತ್ರ ಇಲ್ಲ.

ಜಪಾನಿನ ಯಂತ್ರವನ್ನೇ ತರುವುದು

ಗೇಮ್‌ಗಳೆಲ್ಲ ಜಪಾನಿನವೇ ಆಗಿದ್ದರೆ ಮೇಲಿನ ಯಾವ ಕಸರತ್ತೂ ಬೇಡ. ಪ್ರದೇಶ, ವೇಗ ಎರಡೂ ತಾನಾಗಿ ಸರಿ. ಉಳಿಯುವುದು ಕರೆಂಟಿನ ಬೀಗ ಮಾತ್ರ. ಅದು ಕಣ್ಣಿಗೆ ಕಾಣದ ಬೀಗ. ಸ್ಯಾಟರ್ನ್‌ನ ಪವರ್ ಸಾಕೆಟ್ ರೇಡಿಯೊಗಳಲ್ಲಿರುವಂಥ ಎಂಟರ ಆಕಾರದ್ದು, ಮನೆಯಲ್ಲಿರುವ ತಂತಿ ಅದಕ್ಕೆ ಸಲೀಸಾಗಿ ಕೂರುತ್ತದೆ. ಕೂರಿಸಿ ಸ್ವಿಚ್ ಹಾಕಿದ ಕೂಡಲೇ 100 ವೋಲ್ಟಿನ ಪವರ್ ಸಪ್ಲೈ ಮುಗಿಯಿತು.

ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು 110 ವೋಲ್ಟಿನದು. ನಮ್ಮಲ್ಲಿ ಲೈನು 245ಕ್ಕೆ ಏರಿದ ದಿನ ಅದು 117 ಕೊಡುತ್ತದೆ, 100 ವೋಲ್ಟಿನದು 107ರೊಳಗೆ ನಿಲ್ಲುತ್ತದೆ. ಹಾಗಾಗಿ 100 ಎಂದು ಬರೆದಿರುವುದನ್ನೇ ಕೇಳಿ ತನ್ನಿ, 100 ವಿಎ ಸಾಮರ್ಥ್ಯ ಧಾರಾಳ. ತಾಮ್ರದ ಸುತ್ತಿನ ನಿಜವಾದ ಟ್ರಾನ್ಸ್‌ಫಾರ್ಮರೇ ಆಗಿರಲಿ. ಇಸ್ತ್ರಿಪೆಟ್ಟಿಗೆ, ಹೀಟರಿಗೆಂದು ಮಾರುವ ಅಂಗೈಯಗಲದ ಹಗುರ ಪರಿವರ್ತಕಗಳು ಇಂಥ ಯಂತ್ರಕ್ಕೆ ಆಗಿಬರುವುದಿಲ್ಲ. ತಂತಿಯ ಪ್ಲಗ್ಗಿನ ಮೇಲೆ ಕೆಂಪು ಟೇಪು ಸುತ್ತಿ '100' ಎಂದು ಬರೆದಿಡಿ, ಮನೆಯಲ್ಲಿ ಇನ್ನೊಬ್ಬರು ಸಿಕ್ಕಿಸುವುದು ತಪ್ಪಲಿ.

ಯಾರಿಗೆ ಯಾವುದು? ಕೈಯಲ್ಲಿ ಪಾಲ್ ಯಂತ್ರವಿದ್ದು ಫೈಟಿಂಗ್ ಗೇಮೇ ಮುಖ್ಯವಾದರೆ ಕಾರ್ಟ್ರಿಡ್ಜ್ ಜೊತೆಗೆ 50/60ರ ಸ್ವಿಚ್ ಒಂದೇ ಸಾಕು. ಪ್ರದೇಶದ ಜಂಪರ್ ಮುಟ್ಟಬೇಕಿಲ್ಲ. ಉದ್ದನೆಯ ಆರ್‌ಪಿಜಿ ಆಡುವವರಿಗೆ ಸ್ಲಾಟಿನಲ್ಲಿ ಸೇವ್ ಇಡುವ ಸೆಗಾದ ಬ್ಯಾಕಪ್ ಕಾರ್ಟ್ರಿಡ್ಜ್ ಬೇಕಾಗುವುದರಿಂದ ಚಿಪ್ಪೋ ಜಂಪರೋ ಒಳ್ಳೆಯದು, ಬೆಸುಗೆಯ ಕೈ ಪಳಗಿಲ್ಲದಿದ್ದರೆ ಜಂಪರೇ. ಯಂತ್ರವೇ ಇನ್ನೂ ಕೊಂಡಿಲ್ಲವೆಂದರೆ ಪಾಲ್ ಸ್ಯಾಟರ್ನ್ ಹುಡುಕುವುದು ಬಿಟ್ಟು ಜಪಾನಿನದನ್ನೇ ತರಿಸಿ, ಟ್ರಾನ್ಸ್‌ಫಾರ್ಮರ್ ಮೊದಲು ಮನೆ ಸೇರಲಿ. ಲೆನ್ಸ್ ಪೂರ್ತಿ ಸೋತ ಯಂತ್ರವಿದ್ದವರು ಈ ನಾಲ್ಕನ್ನೂ ಬಿಟ್ಟು, ಸಿಡಿ ಡ್ರೈವ್ ಜಾಗದಲ್ಲಿ ಕೂತು ಮೆಮೊರಿ ಕಾರ್ಡಿನಿಂದ ಗೇಮ್ ಓಡಿಸುವ ಫೆನ್ರಿರ್‌ನಂಥ ಬೋರ್ಡಿನ ಕಡೆ ನೋಡಬಹುದು. ಅದು 20 ಪಿನ್, 21 ಪಿನ್ ಎಂದು ಎರಡು ಬಗೆಯಲ್ಲಿ ಬರುತ್ತದೆ. ಡ್ರೈವಿನ ರಿಬ್ಬನ್ ಕೇಬಲ್ಲಿನ ಪಿನ್ ಎಣಿಸಿಯೇ ಆರ್ಡರ್ ಮಾಡಿ.