ಕಣ್ಣಿನ ಇಆರ್‌ಜಿ ಟೆಸ್ಟ್: ಟೆಸ್ಟ್‌ಗೆ 4 ಸ್ಟಾರ್, ರಿಪೋರ್ಟ್ ಕೌಂಟರ್‌ಗೆ 1

ಅಪ್ಪನ ಎಡಗಣ್ಣಿನ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ) ಮುಖ್ಯ ವೇನ್, ಅಂದ್ರೆ ರಕ್ತ ವಾಪಸ್ ಒಯ್ಯುವ ನಾಳ, ಬ್ಲಾಕ್ ಆಗಿತ್ತು. ಡಾಕ್ಟರ್ ಇಆರ್‌ಜಿ ಬರೆದುಕೊಟ್ಟರು, ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಮಾಡಿಸಿದೆವು. ಹೃದಯಕ್ಕೆ ಇಸಿಜಿ ಇದ್ದ ಹಾಗೆ ಕಣ್ಣಿಗೆ ಇದು: ಬೆಳಕು ಮಿನುಗಿಸಿ, ಅದಕ್ಕೆ ರೆಟಿನಾ ಕೊಡುವ ವಿದ್ಯುತ್ ಉತ್ತರವನ್ನು ಅಳೆಯುತ್ತಾರೆ.

ಟೆಸ್ಟ್ ಮಾಡಿದ ಹುಡುಗಿ ತುಂಬಾ ತಾಳ್ಮೆಯವಳು. ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ, 20 ನಿಮಿಷ ಕತ್ತಲೆ ಕೋಣೆಯಲ್ಲಿ ಕೂರಿಸಿ, ಮರಗಟ್ಟುವ ಡ್ರಾಪ್ಸ್ ಹಾಕಿ ಕೆಳರೆಪ್ಪೆಯ ಅಂಚಿಗೆ ಆ ಉತ್ತರ ಹಿಡಿಯುವ, ಕೂದಲಿನಷ್ಟು ತೆಳ್ಳಗಿನ ದಾರ ಇಟ್ಟಳು. 'ಮಿಟುಕಿಸಬೇಡಿ ಅಂಕಲ್' ಅಂತ ಹೇಳ್ತಾನೇ ಇದ್ದಳು. ನೋವಿಲ್ಲ. ಆದರೆ ಕತ್ತಲೆಗೆ ಹೋಗುವ ಮೊದಲೇ ಯಾರೋ ಅಪ್ಪನನ್ನು ಕಣ್ಣಿನ ಫೋಟೊಗೆ ಕಳಿಸಿದ್ದರು. ಆ ಜೋರು ಬೆಳಕಿನಿಂದ ರೀಡಿಂಗ್ ಕೆಡುತ್ತದೆ ಅಂತ ಮತ್ತೆ ಕಾಯಬೇಕಾಯ್ತು. ನೀವು ಮೊದಲೇ ಹೇಳಿಬಿಡಿ, ಇಆರ್‌ಜಿ ಮೊದಲು, ಫೋಟೊ ಆಮೇಲೆ.

ರಿಪೋರ್ಟ್ ಅಂದ್ರೆ ಬರೀ ಗೆರೆಗಳು. ಕೌಂಟರ್‌ನಲ್ಲಿ ಕೇಳಿದರೆ 'ಡಾಕ್ಟರ್ ನೋಡ್ತಾರೆ ಸರ್', ಅಷ್ಟೇ. ಡಾಕ್ಟರ್ ವಿವರಿಸಿದ ಮೇಲೆ ಅರ್ಥವಾಯ್ತು. ಮೊದಲು ಕೆಳಗಿಳಿಯುವ 'ಎ' ಅಲೆ ಬೆಳಕು ಹಿಡಿಯುವ ಕೋಶಗಳದ್ದು, ಅವಕ್ಕೆ ರಕ್ತ ಬರುವುದು ರೆಟಿನಾದ ಹಿಂದೆ ಇರುವ ಬೇರೆ ಪದರದಿಂದ. ಆಮೇಲೆ ಮೇಲೇರುವ 'ಬಿ' ಅಲೆ ಬರುವುದು ರೆಟಿನಾದ ಒಳಪದರದಿಂದ, ಅದು ಬದುಕಿರೋದು ರೆಟಿನಾದ ಸ್ವಂತ ರಕ್ತನಾಳಗಳ ಮೇಲೆ. ಹಾಗಾಗಿ ಇವು ಬ್ಲಾಕ್ ಆದರೆ 'ಎ' ಹೆಚ್ಚುಕಡಿಮೆ ಹಾಗೇ ಇದ್ದು 'ಬಿ' ಕುಗ್ಗುತ್ತದೆ, ಸೆಕೆಂಡಿಗೆ ಸುಮಾರು 30 ಸಲ ಮಿನುಗುವ ಬೆಳಕಿಗೆ ಕಣ್ಣಿನ ಉತ್ತರವೂ ತಡವಾಗುತ್ತದೆ. ಅಪ್ಪನ ಎಡಗಣ್ಣಲ್ಲಿ 'ಬಿ' ಅಲೆ 'ಎ'ಗಿಂತ ಚಿಕ್ಕದಾಗಿತ್ತು, ಅಂದ್ರೆ ರಕ್ತದ ಕೊರತೆ ಜಾಸ್ತಿ. ಇಂಥ ಕಣ್ಣಲ್ಲಿ ಪಾಪೆಯ ಸುತ್ತ ಬೇಡದ ರಕ್ತನಾಳ ಬೆಳೆದು ಕಣ್ಣಿನ ಪ್ರೆಶರ್ ಏರಬಹುದು, ಅದಕ್ಕೇ ಈಗ ಪದೇ ಪದೇ ಚೆಕಪ್.

ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ಸಾಕಲ್ವಾ ಅಂತ ನನಗೂ ಅನಿಸಿತ್ತು. ಅದು ಊತ ತೋರಿಸುತ್ತದೆ. ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಆಂಜಿಯೋಗ್ರಾಮ್ ರಕ್ತ ತಲುಪದ ಜಾಗ ತೋರಿಸುತ್ತದೆ, ಆದರೆ ಶುರುವಿನಲ್ಲಿ ರೆಟಿನಾ ತುಂಬಾ ರಕ್ತ ಹರಡಿದ್ದರೆ ಅದರಲ್ಲೂ ಸರಿಯಾಗಿ ಕಾಣಿಸಲ್ಲ. ಇಆರ್‌ಜಿಗೆ ಆ ತೊಂದರೆ ಕಡಿಮೆ. ಎರಡೂ ಕಣ್ಣಿಗೆ ಮಾಡಿಸಿ, ಚೆನ್ನಾಗಿರುವ ಕಣ್ಣಿನ ಜೊತೆ ಹೋಲಿಸಿದರೇ ವ್ಯತ್ಯಾಸ ತಿಳಿಯೋದು.

ಚಿಕ್ಕ ಕವಲು ಮಾತ್ರ ಬ್ಲಾಕ್ ಆಗಿದ್ದರೆ ಸುಮ್ನೆ ದುಡ್ಡು ಕೊಡುವ ಮೊದಲು ಡಾಕ್ಟರನ್ನು ಕೇಳಿ. ಇದು ಇಡೀ ರೆಟಿನಾದ ಒಟ್ಟು ಉತ್ತರ, ಚಿಕ್ಕ ಜಾಗದ ಪೆಟ್ಟು ಅದರಲ್ಲಿ ಮುಚ್ಚಿಹೋಗಬಹುದು. ಅಂಥವರಿಗೆ ರೆಟಿನಾದ ಒಂದೊಂದು ಜಾಗದ ಉತ್ತರವನ್ನು ಬೇರೆಬೇರೆಯಾಗಿ ನೋಡುವ ಮಲ್ಟಿಫೋಕಲ್ ಇಆರ್‌ಜಿ ಅಂತ ಬೇರೆ ಇದೆ.