ಮಕ್ಕಳಿಗೆ ದಮ್ಮು ಕಲಿಸಲು: ಸುತ್ತು ಓಟವೋ, ಖೋಖೋವೋ, ಹಗ್ಗವೋ?

ಮೂರರಿಂದ ಐದನೇ ಇಯತ್ತೆಯ ಮಕ್ಕಳಿಗೆ ದಮ್ಮು, ಅಂದರೆ ಬೇಗ ದಣಿಯದೆ ಆಡುವ ತಾಕತ್ತು, ಎಂದರೇನೆಂದು ಹಲಗೆ ಮೇಲೆ ಬರೆದು ಕಲಿಸಲಾಗದು. ದಣಿದಾಗ ಎದೆ ಜೋರಾಗಿ ಬಡಿಯುತ್ತದೆ, ನಿಂತರೆ ಬಡಿತ ಇಳಿಯುತ್ತದೆ, ರೂಢಿಯಾದಂತೆ ಬೇಗ ಇಳಿಯುತ್ತದೆ. ಇಷ್ಟು ಮೈಗೆ ತಿಳಿಯಬೇಕು. ಧಾರವಾಡ, ಗದಗ ಕಡೆಯ ಶಾಲೆಗಳಲ್ಲಿ ಖರ್ಚಿಲ್ಲದೆ ಆಗುವ ಮೂರು ದಾರಿಗಳನ್ನು ಮಾಡಿ ನೋಡಿದ ಮೇಲಿನ ಹೋಲಿಕೆ ಇದು.

ಅಳತೆ ಮೂರಕ್ಕೂ ಒಂದೇ. ಮಣಿಕಟ್ಟಿನ ನಾಡಿ ಈ ವಯಸ್ಸಿನವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಅಂಗೈಯನ್ನು ಎದೆಯ ಎಡಕ್ಕೆ ಒತ್ತಿ 15 ಸೆಕೆಂಡು ಎಣಿಸಲಿ. ಕೂತಾಗ ಸಾಮಾನ್ಯವಾಗಿ 20–25, ಆಡಿದ ಕೂಡಲೇ 35ರ ಆಸುಪಾಸು. ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಲಿ. ನಿಮಿಷದ ಲೆಕ್ಕಕ್ಕೆಂದು ನಾಲ್ಕರಿಂದ ಗುಣಿಸುವ ಗೋಜು ಬೇಡ. ಎಣಿಕೆ ತಪ್ಪುವವರಿಗೆ ಮೂರರ ಮಗ್ಗಿ ಹೇಳಿಸಿ: ಸರಾಗವಾಗಿ ಬಂದರೆ ಶ್ರಮ ಸಾಲದು, ನಡುನಡುವೆ ಉಸಿರು ತಗೊಂಡರೆ ಸರಿ, ಮಾತೇ ಹೊರಡದಿದ್ದರೆ ಅತಿಯಾಯಿತು. (ಮಗ್ಗಿ ಬಾರದವರಿಗೆ ವಾರಗಳ ಹೆಸರು.)

ಸುತ್ತು ಓಟಕ್ಕೆ 30×20 ಮೀಟರಿನ ಚೌಕ ಸುಣ್ಣದಲ್ಲಿ ಹಾಕಿದರೆ ಒಂದು ಸುತ್ತು 100 ಮೀಟರ್. ಮಕ್ಕಳು ಮೊದಲ ಅರ್ಧ ಸುತ್ತು ಬಿಟ್ಟ ಬಾಣದಂತೆ ಓಡಿ, ಆಮೇಲೆ ಪಕ್ಕೆ ಹಿಡಿದು ನಡೆಯುತ್ತಾರೆ. ವೇಗ ಹಂಚಿಕೊಳ್ಳುವ ಅಂದಾಜು ಇನ್ನೂ ಬಂದಿರುವುದಿಲ್ಲ. ಜೋಡಿ ಮಾಡಿ, ಮಾತಾಡುತ್ತ ಓಡಬೇಕೆಂದು ಹೇಳಿ, ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ ಮಾಡಿಸಿದರೆ ಅಂದಾಜು ಹತ್ತುತ್ತದೆ. ತಡವಾಗಿ ಬಂದವರಿಗೆ ಸುತ್ತು ಓಡಿಸಿ ಶಿಕ್ಷೆ ಕೊಡುವ ಶಾಲೆಯಲ್ಲಿ ಮಾತ್ರ ಈ ದಾರಿ ಬೇಡವೇ ಬೇಡ.

ಖೋಖೋ ಎಂದರೆ ಮಕ್ಕಳು ಕುಣಿದಾಡುತ್ತಾರೆ, ದಮ್ಮಿನ ಪಾಠಕ್ಕೆ ಮಾತ್ರ ಅದು ಮೋಸದ ಆಟ. ನಿಯಮದಂತೆ ಎಂಟು ಮಂದಿ ಕೂತಿರುತ್ತಾರೆ, ಒಬ್ಬರು ಬೆನ್ನಟ್ಟುತ್ತಾರೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ಹನ್ನೆರಡರಲ್ಲಿ ಓಡುವವರು ನಾಲ್ಕೇ! ಮೂವತ್ತಾರು ಮಕ್ಕಳ ತರಗತಿಯಲ್ಲಿ ಉಳಿದವರೆಲ್ಲ ಬರೀ ಕೂಗುತ್ತಾರೆ. ಎಂಟೆಂಟರ ಗುಂಪು ಮಾಡಿ ನಾಲ್ವರನ್ನು ಕೂರಿಸಿ, ನಿಮಿಷಕ್ಕೊಮ್ಮೆ ಅದಲುಬದಲು ಮಾಡಿದರೆ ಅರ್ಧದಷ್ಟು ಮಕ್ಕಳು ಓಡುತ್ತಿರುತ್ತಾರೆ. ಗರಸು ನೆಲದಲ್ಲಿ ಮಂಡಿ ತರಚುತ್ತದೆ. ಎರೆಮಣ್ಣಿನ ಮೈದಾನ ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರಿದು ಕಾಲು ಉಳುಕಿಸುತ್ತದೆ.

ಹಗ್ಗ ತಿರುಗಿಸಿ ಜಿಗಿಯುವ ಹಗ್ಗದಾಟಕ್ಕೆ (ಸ್ಕಿಪ್ಪಿಂಗ್) ನಮ್ಮ ಮತ. ಪಡಸಾಲೆಯಲ್ಲೂ ನಡೆಯುತ್ತದೆ, ಎಲ್ಲರೂ ಒಟ್ಟಿಗೆ ಮಾಡಬಹುದು. 8–10 ಮಿಲಿಮೀಟರ್ ದಪ್ಪದ ಹಗ್ಗ ಕತ್ತರಿಸಿ ತುದಿಗಳಿಗೆ ಗಂಟು ಹಾಕಿ. ನಡುವೆ ಕಾಲಿಟ್ಟು ಎತ್ತಿದಾಗ ಎರಡೂ ತುದಿ ಕಂಕುಳಿಗೆ ಬಂದರೆ ಉದ್ದ ಸರಿ. ತೀರಾ ಹಗುರ ಹಗ್ಗ ತಿರುಗುವುದಿಲ್ಲ, ತೆಳು ನೈಲಾನ್ ಕಾಲಿಗೆ ಚುರುಕು ಮುಟ್ಟಿಸುತ್ತದೆ. ಇದರ ದೊಡ್ಡ ಕುಂದೆಂದರೆ ಹೊಸಬರು ಎರಡು ಜಿಗಿತಕ್ಕೊಮ್ಮೆ ತೊಡರಿ ನಿಲ್ಲುವುದು. ಎದೆಬಡಿತ ಏರುವುದೇ ಇಲ್ಲ. ಅಂಥವರು ಹಗ್ಗವನ್ನು ನೆಲಕ್ಕೆ ಉದ್ದ ಹಾಸಿ, ಆಚೀಚೆ ಎರಡೂ ಕಾಲಲ್ಲಿ 30 ಸೆಕೆಂಡು ಜಿಗಿದು 30 ಸೆಕೆಂಡು ನಿಲ್ಲಲಿ. ಹೀಗೆ ಆರು ಸಲ. ಮುಂಗಾಲ ಮೇಲೆ, ಮಂಡಿ ತುಸು ಬಾಗಿಸಿ ಇಳಿಯಬೇಕು. ಒದ್ದೆ ಫರಸಿಯ ಮೇಲೆ ಬೇಡ.

ಆದರೂ ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಶಾಲಾ ದೈಹಿಕ ಪರೀಕ್ಷೆಯಲ್ಲಿ ಒಂಬತ್ತು ವರ್ಷ ದಾಟಿದವರಿಗೆ 600 ಮೀಟರ್ ಓಟವಿದೆ, ಅಂದರೆ ನಮ್ಮ ಚೌಕದ ಆರು ಸುತ್ತು. ಹಾಗಾಗಿ ನಾಲ್ಕು, ಐದನೇ ಇಯತ್ತೆಗೆ ವಾರದಲ್ಲಿ ಒಂದು ದಿನ ಜೋಡಿ ಓಟ ಉಳಿಸಿಕೊಳ್ಳಿ. ಶನಿವಾರದ ಬೆಳಗಿನ ಶಾಲೆ ಅದಕ್ಕೆ ಅನುಕೂಲ. ಹಾಲು ಕುಡಿದ ಕೂಡಲೇ ಓಡಿಸಬೇಡಿ, ಊಟವಾಗಿದ್ದರೆ ಒಂದು ತಾಸು ಬಿಡಿ. ಉಬ್ಬಸ ಬಂದರೆ, ಎದೆ ನೋವೆಂದರೆ ಎಣಿಕೆ ಬಿಟ್ಟು ಕೂರಿಸಿ, ಮನೆಯವರಿಗೆ ತಿಳಿಸಿ.